ಸ್ಪೀಡ್ ಟೆಸ್ಟ್ ನೋಡಿ ದೂರು ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇದೆ. ಈ ಆಷಾಢದಲ್ಲಿ ಹೆಸರು ಬೆಳೆಗೆ ವಿಮೆ ಕಟ್ಟಲು ರೈತರು ಸಾಲುಗಟ್ಟಿ ಕೂತಿದ್ದರು. ಅರ್ಜಿ ತುಂಬಿ ಸಬ್‌ಮಿಟ್ ಒತ್ತಿದರೆ ಪುಟ ಸುತ್ತುತ್ತಲೇ ಇತ್ತು. ಮುಳಗುಂದದ ಅಜ್ಜ ಒಬ್ಬರು ಬೆಳಗ್ಗೆಯಿಂದ ಮೂರು ಸಲ ‘ಯವ್ವಾ, ಆತೇನ?’ ಎಂದು ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ನೆಟ್ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, ‘ಸ್ಪೀಡ್ ಟೆಸ್ಟ್ ಮಾಡಿ’ ಎಂದರು. ಸ್ಪೀಡ್ ಸರಿಯಾಗೇ ಬಂತು. ಹಾಗಾದರೆ ನಿಮ್ಮ ವೈಫೈ ತೊಂದರೆ ಎಂದು ದೂರು ಮುಚ್ಚಿಬಿಟ್ಟರು.

ವೈಫೈ ಬಿಟ್ಟು ಕಂಪ್ಯೂಟರನ್ನು ಕೇಬಲ್‌ನಿಂದಲೇ ರೂಟರಿಗೆ ಜೋಡಿಸಿದೆ. ಆಮೇಲೆ ಪಿಂಗ್ ಮಾಡಿದೆ. ಅಂದರೆ, ಸಣ್ಣ ಡೇಟಾ ತುಣುಕು (ಪ್ಯಾಕೆಟ್) ಕಳಿಸಿ ಉತ್ತರ ಬರುತ್ತದೋ ಇಲ್ಲವೋ ನೋಡುವುದು. ವಿಂಡೋಸ್‌ನಲ್ಲಿ ಸುಮ್ನೆ ಪಿಂಗ್ ಕೊಟ್ಟರೆ ನಾಲ್ಕೇ ಸಲ ಹೋಗುತ್ತದೆ. ನಾಲ್ಕಕ್ಕೂ ಉತ್ತರ ಬಂತು. ಆದರೂ ಸಮಾಧಾನವಾಗದೆ 200 ಸಲ ಕಳಿಸಿದೆ. ರೂಟರಿಗೆ ಕಳಿಸಿದ 200ಕ್ಕೂ ಉತ್ತರ ಬಂತು. ಹೊರಗೆ ಗೂಗಲ್‌ನ ಸರ್ವರ್ ವಿಳಾಸ 8.8.8.8ಕ್ಕೆ ಕಳಿಸಿದ 200ರಲ್ಲಿ 30 ಉತ್ತರ ಬರದೆ ಕಳೆದುಹೋದವು, ಅಂದರೆ ಶೇ 15. ಅವು ಬಿಡಿಬಿಡಿಯಾಗಿ ಹೋಗಿರಲಿಲ್ಲ. ಏಳೆಂಟು ಒಟ್ಟಿಗೇ ಹೋಗುತ್ತಿದ್ದವು, ಮತ್ತೆ ಸರಿಯಾಗುತ್ತಿತ್ತು. ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸರ್ಟ್‌ನಲ್ಲಿ ರೂಟರ್ ಆದಮೇಲೆ ಬರುವ ಕಂಪನಿಯ ಮೊದಲ ವಿಳಾಸಕ್ಕೆ ಕಳಿಸಿದಾಗಲೂ ಅದೇ ಕಥೆ. ತೊಂದರೆ ನನ್ನ ಅಂಗಡಿಗೂ ಅವರ ಮೊದಲ ಯಂತ್ರಕ್ಕೂ ನಡುವೆ ಇತ್ತು, ಅಲ್ವಾ?

ನಾಲ್ಕನೇ ದಿನ ಲೈನ್‌ಮನ್ ಬಂದ. ಎದುರಿನ ಕಂಬದ ಮೇಲೆ, ಬೆಳಕಿನ ರೂಪದಲ್ಲಿ ನೆಟ್ ತರುವ ಫೈಬರ್ ತೀರಾ ಮಡಚಿಕೊಂಡಿತ್ತು. ಆಷಾಢದ ಗಾಳಿ ಜೋರಾಗಿ ಬೀಸಿದಾಗಲೆಲ್ಲ ಅದು ಎಳೆದು ಬೆಳಕು ಸೋರುತ್ತಿತ್ತು. ಗಾಳಿ ನಿಂತ ಅರ್ಧ ನಿಮಿಷದಲ್ಲಿ ಮಾಡಿದ ಸ್ಪೀಡ್ ಟೆಸ್ಟಿಗೆ ಇದು ಹೇಗೆ ಸಿಗಬೇಕು? ಅರ್ಧ ತಾಸಿನಲ್ಲಿ ಹೊಸ ಜಾಯಿಂಟ್ ಹಾಕಿದ, ಪಾಪ, ಆ ಗಾಳಿಯಲ್ಲೇ ಏಣಿ ಮೇಲೆ ನಿಂತು. ಆಮೇಲೆ 200ಕ್ಕೆ 200 ಉತ್ತರ ಬಂದವು.

ಪ್ಯಾಕೆಟ್ ನಷ್ಟ ಶೇ 1ಕ್ಕಿಂತ ಕಡಿಮೆ ಇರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2006ರ ಬ್ರಾಡ್‌ಬ್ಯಾಂಡ್ ನಿಯಮದಲ್ಲೇ ಹೇಳಿತ್ತು. ಹೀಗಿರುವಾಗ ದೂರು ಬರೆದುಕೊಳ್ಳುವವರು ಸ್ಪೀಡ್ ಮಾತ್ರ ಯಾಕೆ ಕೇಳುತ್ತಾರೆ? ಗ್ರಾಹಕರು ಮೂರ್ನಾಲ್ಕು ನಿಮಿಷದ ಪಿಂಗ್ ಫೋಟೋ ಕಳಿಸಿದರೆ ಅದನ್ನು ದೂರಿಗೆ ಸೇರಿಸಿಕೊಳ್ಳಲಿ. ಲೈನ್ ನೋಡದೆ ದೂರು ಮುಚ್ಚದಿರಲಿ. ಆ ನಾಲ್ಕು ದಿನ ಅಜ್ಜ ದಿನಾ ಬಸ್ ಹಿಡಿದು ಬಂದು ಹೋದರು.

– ಆನ್‌ಲೈನ್ ಅರ್ಜಿ ಅಂಗಡಿಯಾಕೆ, ಬೆಟಗೇರಿ, ಗದಗ