ಮೇ ತಿಂಗಳಲ್ಲಿ ಶಾಲು

ಲೀಡ್ಸ್, ಮೇ 18

ಅವ್ವಾ,

ನಾವೆಲ್ಲ ಆರಾಮ ಇದ್ದೇವೆ. ನೀವೂ ಆರಾಮ ಅಂದುಕೊಂಡಿದ್ದೆ, ಮೊನ್ನೆ ಬಸುವಿನ ಮೆಸೇಜ್ ಬರುವ ತನಕ. "ಅವ್ವ ಫ್ಯಾನ್ ಬಂದ್ ಮಾಡಿ ಶಾಲು ಹೊದ್ದು ಕುಂತಾಳ" ಅಂತ. ಮೇ ತಿಂಗಳಲ್ಲಿ, ಅದೂ ಕೊಪ್ಪಳದಲ್ಲಿ! ಮೊದಲು ನಗು ಬಂತು. ಆಮೇಲೆ ಫೋಟೋ ನೋಡಿದೆ. ಮುಖ ಊದಿದೆ, ಕಣ್ಣಿನ ಕೆಳಗೆ ಬಾವು. ನಗು ಅಲ್ಲಿಗೇ ನಿಂತಿತು.

ಎರಡು ತಿಂಗಳಿಂದ ಥೈರಾಯ್ಡ್ ಗುಳಿಗೆ ಬಿಟ್ಟಿದ್ದೀಯಂತೆ. ಕೇಳಿದರೆ "ನಿಮ್ಮಕ್ಕ ಬಿಟ್ಟಿಲ್ಲೇನು, ಆಕಿಗೇನಾಗೇತಿ" ಅಂದೆಯಂತೆ. ತಪ್ಪು ನನ್ನದೇ. ಗುಳಿಗೆ ಬಿಟ್ಟೆ ಅಂತ ಫೋನಿನಲ್ಲಿ ಕುಣಿದಾಡಿದೆ, ಯಾಕೆ ಬಿಟ್ಟೆ ಅಂತ ಹೇಳಲೇ ಇಲ್ಲ.

ನನ್ನದು ಬಾಣಂತನದಲ್ಲಿ ಬಂದದ್ದು ಅವ್ವಾ. ಹೆರಿಗೆಯಾದ ಮೇಲೆ ಕೆಲವರಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಉರಿಯೂತ ಆಗುತ್ತದೆ. ಜಾಸ್ತಿ ಜನರಿಗೆ ವರ್ಷ, ಒಂದೂವರೆ ವರ್ಷದಲ್ಲಿ ತಾನೇ ಇಳಿಯುತ್ತದೆ. ಹಾಗಂತ ನಾನೇ ಡಬ್ಬಿ ಎಸೆಯಲಿಲ್ಲ. ಡಾಕ್ಟರು 50 ಮೈಕ್ರೋಗ್ರಾಂ ಗುಳಿಗೆ ಇದ್ದದ್ದನ್ನು 25 ಮಾಡಿದರು, ಆರು ವಾರ ಬಿಟ್ಟು ರಕ್ತ ನೋಡಿದರು, ಆಮೇಲೆ ನಿಲ್ಲಿಸಿ ಮತ್ತೆ ನೋಡಿದರು. ಈಗಲೂ ವರ್ಷಕ್ಕೊಮ್ಮೆ ರಕ್ತ ಕೊಟ್ಟು ಬರುತ್ತೇನೆ.

ನಿನ್ನದು ಹಾಗಲ್ಲ. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ರಕ್ತದಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಸೋತಷ್ಟೂ ಏರುವ ಹಾರ್ಮೋನು, 68 ಇತ್ತು. ಇರಬೇಕಾದ್ದು ಹೆಚ್ಚೆಂದರೆ ನಾಲ್ಕು, ನಾಲ್ಕೂವರೆ. ಆ ಕೆಂಪು ಫೈಲು ತೊಡೆ ಮೇಲೆ ಇಟ್ಟುಕೊಂಡು ಕೂತವಳು ನಾನೇ ಅಲ್ವಾ? ಗ್ರಂಥಿಯೇ ಸೋತಿದೆ, ಗುಳಿಗೆ ಕಾಯಂ ಅಂದಿದ್ದರು. ಈ ಯುಗಾದಿ ಮುಂದೆ 2.6 ಬಂತಲ್ಲ, ಅದು ಗುಳಿಗೆ ನುಂಗಿದ್ದಕ್ಕೆ ಬಂದ ನಾರ್ಮಲ್. ಗದ್ದೆ ಹಸಿರಾಗಿದೆ, ಇನ್ನು ನೀರು ಯಾಕೆ ಅಂತ ಕಾಲುವೆ ತೂಬು ಮುಚ್ಚಿದರೆ ಗಂಗಾವತಿ ಅತ್ತೆ ಸುಮ್ನಿರ್ತಾಳಾ?

ಮೊದಲ ಮೂರು ವಾರ ಏನೂ ಆಗಲಿಲ್ಲ ಅಂತ ನಿನಗೆ ಧೈರ್ಯ ಬಂದಿರಬೇಕು. ಮೈಯೊಳಗೆ ಇದ್ದ ಔಷಧ ಅರ್ಧ ಆಗೋಕೇ ಒಂದು ವಾರ ಹಿಡಿಯುತ್ತದೆ. ಅದು ಸದ್ದಿಲ್ಲದೆ ಇಳಿಯುತ್ತದೆ. ಆಮೇಲೆ ಶಾಲು ಬರುತ್ತದೆ.

ಅಂದಹಾಗೆ, ಕೊತ್ತಂಬರಿ ಬೀಜದ ನೀರು ಅತ್ತೆಯ ಉಪದೇಶ ತಾನೇ? ಕುಡಿ, ಬೇಡ ಅನ್ನಲ್ಲ, ಆದರೆ ಗುಳಿಗೆ ಬದಲಿಗೆ ಅಲ್ಲ. ಅತ್ತೆಗೆ ಟಿಎಸ್‌ಎಚ್ ಬರೀ 6 ಬಂದಾಗ ಗುಳಿಗೆ ಶುರು ಮಾಡಿದ್ದು, ವಯಸ್ಸೂ 70 ದಾಟಿದೆ. ಆ ವಯಸ್ಸಿಗೆ ಅಷ್ಟು ಏರಿದ್ದಕ್ಕೆ ಗುಳಿಗೆ ಬೇಕೇ ಬೇಕು ಅಂತಿಲ್ಲ. ಬೇಕಾ ಅಂತ ಡಾಕ್ಟರನ್ನು ಕೇಳಲಿ. ಬಿಟ್ಟರೂ ನಡೆದರೆ ಅದು ಕೊತ್ತಂಬರಿ ಮಹಿಮೆ ಅಲ್ಲ, ಅಷ್ಟೇ.

ನಮ್ಮ ಪಕ್ಕದ ಮನೆ ಅಜ್ಜಿಗೂ ನಿನ್ನದೇ ಗುಳಿಗೆ, ಮೂವತ್ತು ವರ್ಷದಿಂದ. ಬೆಳಿಗ್ಗೆ ಆರಕ್ಕೆ ನುಂಗಿ ಗಡಿಯಾರ ನೋಡುತ್ತಾ ಕೂರುತ್ತಾಳೆ, ಅರ್ಧ ಗಂಟೆ ಆಗದೆ ಚಹಾ ಮುಟ್ಟಲ್ಲ. ಇಂಗ್ಲಿಷರು ಚಹಾಕ್ಕೆ ಕಾಯೋದು ಅಂದರೆ ಸಣ್ಣ ತಪಸ್ಸಲ್ಲ! ಇಂಗ್ಲೆಂಡಿನಲ್ಲಿ ಈ ಗುಳಿಗೆ ಕಾಯಂ ಬೇಕಾದವರಿಗೆ ಒಂದು ಕಾರ್ಡು ಕೊಡುತ್ತಾರೆ. ಐದು ವರ್ಷ ಡಾಕ್ಟರು ಬರೆದ ಔಷಧಿ ಎಲ್ಲಾ ಪುಕ್ಕಟೆ, ಕೆಮ್ಮಿನದು ಬರೆದರೂ. ನಿಮ್ಮಳಿಯನಿಗೆ ಹೊಟ್ಟೆಕಿಚ್ಚು, ಒಂದೊಂದು ಔಷಧಿಗೆ ಹತ್ತು ಪೌಂಡ್ ಹತ್ತಿರ ಕಟ್ಟುತ್ತಾರಲ್ಲ.

ನೀನು ಮಾತ್ರ ಚಹಾದ ಜೊತೆಗೇ ನುಂಗುತ್ತಿದ್ದೆ, ಮೇಲೊಂದು ಕ್ಯಾಲ್ಸಿಯಂ. ಬರೀ ನೀರಲ್ಲಿ ತಗೋ, ಕ್ಯಾಲ್ಸಿಯಂ ನಾಲ್ಕು ತಾಸು ಬಿಟ್ಟು. ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿ ಬೇಡ, ಕಾವಿಗೆ ಔಷಧ ಕೆಡುತ್ತದೆ. ದೇವರ ಕೋಣೆ ತಂಪಿದೆ. ಬಿಟ್ಟದ್ದು ತುಂಬಿಸೋಕೆ ಅಂತ ಎರಡು ಮೂರು ಒಟ್ಟಿಗೆ ನುಂಗಬೇಡ ಮತ್ತೆ! ಸೋಮವಾರ ಬಸು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಎಷ್ಟರಿಂದ ಶುರು ಅಂತ ಅವರೇ ಹೇಳಲಿ.

ನಾನು ಗಾಬರಿಯಾಗಿಲ್ಲ. ನಿಜವಾಗಿ ಆಗಿಲ್ಲ. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಇಲ್ಲಿ ಬಿಸಿಲೂ ಬಿದ್ದಿದೆ. ಬಸುವಿಗೆ ಬೈಯಬೇಡ, ಹೇಳು ಅಂದದ್ದು ನಾನೇ.

ಪುಟ್ಟಿ ಸ್ಕೂಲು ಬಿಡೋ ಹೊತ್ತಾಯಿತು, ಓಡುತ್ತೇನೆ. ಅಪ್ಪನಿಗೆ ನಮಸ್ಕಾರ. ಸೋಮವಾರ ರಿಪೋರ್ಟಿನ ಫೋಟೋ ಕಳಿಸೋಕೆ ಹೇಳು, ಶಾಲು ಹೊದ್ದ ಫೋಟೋ ಅಲ್ಲ.

ನಿನ್ನ ಮಗಳು