ಅವಸರದ ಸುಧನ್ವನಿಗೆ

ಪ್ರಿಯ ಸುಧನ್ವಾ,

ಶಾರ್ಜಾದಲ್ಲಿ ಚಳಿ ಎಂದು ನೀನು ಕಳುಹಿಸಿದ ಚಿತ್ರ ತಲುಪಿತು. ಸ್ವೆಟರಿನೊಳಗಿಂದ ಮುಂದೆ ಬಂದಿರುವ ನಿನ್ನ ಹೊಟ್ಟೆಯನ್ನು ನೋಡಿ ಅಮ್ಮ "ಅಂತೂ ಊಟಕ್ಕೆ ತೊಂದರೆ ಇಲ್ಲ" ಎಂದರು. ಇಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ. ಅಂಗಳದ ತುಂಬ ಅಡಿಕೆ. ಅದರ ಬದಿಯಲ್ಲಿ ನನ್ನ ವೇಷದ ಕವಚದ ಎಡಗೈ, ಎದೆಯ ತುಂಡು ಮತ್ತು ಶಿರಸ್ತ್ರಾಣ ಸಾಲಾಗಿ ಒಣಗುತ್ತಿವೆ. ಎರಡು ದಿನದ ಬೆವರು ಕುಡಿದ ಫೋಮಿನ ವಾಸನೆ ಹೇಗಿರುತ್ತದೆ ಎಂದು ಕೇಳಬೇಡ. ಹತ್ತನೆಯ ತರಗತಿಯ ಹಿಂದಿನ ಬೆಂಚನ್ನು ನೆನಪಿಸಿಕೋ, ಸಾಕು.

ಹೌದು, ಕಾಮಿಕ್ ಕಾನ್‌ಗೆ, ಕಾಮಿಕ್ಸ್ ಪ್ರಿಯರು ಮೆಚ್ಚಿನ ಪಾತ್ರಗಳ ವೇಷ ಹಾಕಿಕೊಂಡು ಸೇರುವ ಆ ಮೇಳಕ್ಕೆ, ಹೋಗಿ ಬಂದೆ. ನೀನಿಲ್ಲದೆಯೇ. 2012ರಲ್ಲಿ ಬೆಂಗಳೂರಿಗೆ ಅದು ಮೊದಲ ಸಲ ಬಂದಾಗ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದ ಚಿತ್ರಗಳನ್ನು ನೋಡಿ "ಮುಂದಿನ ವರ್ಷ ನಾವಿಬ್ಬರೂ, ಮಾಷ್ಟ್ರ ಕೊಡೆಯ ಆಣೆ" ಎಂದವನು ನೀನು. ಮುಂದಿನ ವರ್ಷ ನಿನಗೆ ವೀಸಾ ಬಂತು. ಕೊಡೆಯ ಆಣೆಗೆ ಅಷ್ಟೇ ಬೆಲೆ.

ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಕಳುಹಿಸಿದರೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಮಲಗಿಬಿಡುತ್ತೀಯೆ. ನಾನು ಕೆಲಸ ಮಾಡುವ ಸಹಕಾರಿ ಸಂಘದ ಕಾರ್ಯದರ್ಶಿಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ನಾನು ರಜೆ ಹಾಕಿ ಹೋದ ಆ ಮದುವೆ ಚೆನ್ನಾಗಿ ನಡೆಯಿತು ಸಾರ್. ವರ ಜಪಾನಿನ ಕಡೆಯವನು.

ಮೊದಲು ಕವಚದ ವಿಷಯ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಮಾತ್ರ ನನಗೆ ಸ್ವಲ್ಪ ಹೆಮ್ಮೆಯಿದೆ. ಮಳೆಗಾಲದಲ್ಲಿಯೇ ಆರಂಭಿಸಿದೆ. ಸಾಮಗ್ರಿ ಇವಿಎ ಫೋಮ್. ಮಕ್ಕಳು ಆಡಲೆಂದು ನೆಲಕ್ಕೆ ಹಾಸುತ್ತಾರಲ್ಲ, ಅದೇ ಜಾತಿ. ಎದೆಗೆ ಹತ್ತು ಮಿಲಿಮೀಟರಿನದು, ಕೈಗೆ ಆರರದು. ಹೀಟ್ ಗನ್ನಿನ ಬಿಸಿ ತಾಗಿದೊಡನೆ ಫೋಮಿನ ಮೈಮೇಲಿನ ಸಣ್ಣ ತೂತುಗಳು ಮುಚ್ಚಿ ಒಂದು ಹೊಳಪು ಬರುತ್ತದೆ. ಆ ಗಳಿಗೆಯಲ್ಲಿ ಬಗ್ಗಿಸಿ, ತಣಿಯುವವರೆಗೆ ಬಿಡದೆ ಹಿಡಿದುಕೊಂಡರೆ ಆಕಾರ ನಿಲ್ಲುತ್ತದೆ. ನಾನು ಬಚ್ಚಲಿನ ಹಂಡೆಯನ್ನು ಅಪ್ಪಿಕೊಂಡು ಎದೆಗವಚಕ್ಕೆ ಆಕಾರ ಕೊಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು. ಅಂಟಿಸುವುದು ಇನ್ನೂ ಸೂಕ್ಷ್ಮ. ಎರಡೂ ಅಂಚಿಗೆ ಗೋಂದು ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದಕ್ಕೊಂದು ಒತ್ತಬೇಕು. ಒತ್ತಿದ ಮೇಲೆ ಸರಿಪಡಿಸಲು ಬರುವುದಿಲ್ಲ. ಬಲಭುಜದ ತುಂಡು ಒಂದು ಬೆರಳು ಓರೆಯಾಗಿಯೇ ಉಳಿದಿದೆ. ನಮ್ಮ ಆಷಾಢದ ತೇವದಲ್ಲಿ ಬಣ್ಣ ಒಣಗುವುದಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಕೊನೆಗೆ ಅಡಿಕೆ ಗೂಡಿನ ಹೊಗೆಯ ಮೇಲೆ ತೂಗುಹಾಕಿದೆ. ಬೆಳ್ಳಿಯಾಗಬೇಕಿದ್ದದ್ದು ಸ್ವಲ್ಪ ಹಿತ್ತಾಳೆಯಾಯಿತು. ನೋಡಿದವರೆಲ್ಲ "ಹಳೆಯ ಲೋಹದ ಹಾಗೆ ಎಷ್ಟು ನೈಜವಾಗಿದೆ" ಎಂದರು. ನಾನು ವಿನಯದಿಂದ ತಲೆಬಾಗಿದೆ.

ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಗೆಜ್ಜೆ ಇಲ್ಲದ ವೇಷ ಯಾವ ಸೀಮೆಯದು?"

ಯಾವ ಪಾತ್ರ ಎಂದು ಹೇಳುವುದಿಲ್ಲ. ಒಂದು ಜಪಾನಿ ಸರಣಿಯ ಕವಚಧಾರಿ, ಅಷ್ಟು ಸಾಕು. ಹೆಸರು ಹೇಳಿದರೆ ನೀನು ನೇಂದ್ರಬಾಳೆಯ ವಿಷಯ ಎತ್ತುತ್ತೀಯೆ. ನಿನಗೆ ಬೇಕಾದ ಒಂದು ಅಂಶ ಮಾತ್ರ ಇಲ್ಲಿದೆ: ಅವನು ಮಾತಾಡುವುದಿಲ್ಲ. ಮೊದಲಿನಿಂದ ಕೊನೆಯವರೆಗೂ ಒಂದಕ್ಷರ ಇಲ್ಲ. ಅವನನ್ನು ಏಕೆ ಆರಿಸಿದೆ ಎಂದು ಆಗ ಯಾರಾದರೂ ಕೇಳಿದ್ದರೆ, ಶಿರಸ್ತ್ರಾಣ ಮಾಡುವುದು ಸುಲಭ ಎನ್ನುತ್ತಿದ್ದೆ.

ಅಕ್ಕನ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಕವಚದವನಿಗೆ ಒಬ್ಬರು ಸಹಾಯಕರು ಬೇಕೇ ಬೇಕು: ನೀರು ಕುಡಿಸಲು, ಬಕಲ್ ಹಾಕಲು, ಮೆಟ್ಟಿಲು ಬಂತು ಎಂದು ಎಚ್ಚರಿಸಲು. ಹನ್ನೆರಡು ವರ್ಷದವಳು ಈ ಕೆಲಸವನ್ನು ನಮ್ಮ ಕಾರ್ಯದರ್ಶಿಗಳಿಗಿಂತ ಚೆನ್ನಾಗಿ ಮಾಡಿದಳು. ಕಣ್ಣೂರಿನಿಂದ ಬರುವ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡ್ ಕಡೆಗೆ. ಮೊಣಕಾಲ ಮೇಲೆ ಶಿರಸ್ತ್ರಾಣ ಇಟ್ಟುಕೊಂಡು ಕುಳಿತಿದ್ದವನನ್ನು ಒಬ್ಬರು ಹಿರಿಯರು ಬಹಳ ಹೊತ್ತು ನೋಡಿ, "ಹೊಸ ಹೆಲ್ಮೆಟ್ ನಿಯಮ ಬಂತೇ?" ಎಂದು ಕೇಳಿದರು.

ಒಳಗಿನ ಸಂಭ್ರಮವನ್ನು ವರ್ಣಿಸುವುದಿಲ್ಲ, ಚಿತ್ರಗಳನ್ನು ನೀನು ನೋಡಿದ್ದೀಯೆ. ಬಾಗಿಲಲ್ಲಿ ನನ್ನ ಫೋಮಿನ ಖಡ್ಗವನ್ನು ಹಿಡಿದು, ಬಗ್ಗಿಸಿ, ಅಪಾಯವಿಲ್ಲ ಎಂದು ತಪಾಸಣೆ ಮಾಡಿದರು. ವೇಷ ಹಾಕಿದ್ದಾರೆಂದರೆ ಮುಟ್ಟಲು ಒಪ್ಪಿಗೆ ಕೊಟ್ಟಿದ್ದಾರೆ ಎಂದಲ್ಲ, ಚಿತ್ರ ತೆಗೆಯುವ ಮೊದಲು ಕೇಳಿ: ಇದು ಇಂಥ ಕಡೆಯೆಲ್ಲ ಇರುವ ನಿಯಮ. ನನ್ನನ್ನು ಕೇಳಿದವರ ಲೆಕ್ಕ ಸೊಸೆ ಇಟ್ಟಿದ್ದಾಳೆ, ನೂರಹದಿನಾಲ್ಕು. ಒಬ್ಬ ಹುಡುಗ ಊರು ಕೇಳಿದ. ಕಾಸರಗೋಡು ಎಂದೆ. "ಓ, ಕೇರಳ! ಆದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡುತ್ತೀರಿ!" 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಂದಿನಿಂದ ಅಜ್ಜ, ಅಪ್ಪ, ನಾನು ಮೂರು ತಲೆಮಾರು ಪಡೆದ ಪ್ರಶಂಸಾಪತ್ರ ಇದು. ಸೊಸೆಗೂ ಒಂದು ಪ್ರತಿ ಸಿಕ್ಕಿತು.

ಊಟದ ಸರತಿಯಲ್ಲಿ ನನ್ನ ಮುಂದೆ ರೆಕ್ಕೆ ಕಟ್ಟಿಕೊಂಡ ಒಬ್ಬ ಹುಡುಗಿ ಇದ್ದಳು. ಆ ರೆಕ್ಕೆಗಳಿಂದಾಗಿ ಅವಳ ಹಿಂದೆ ಎರಡು ಮಾರು ಜಾಗ ಖಾಲಿ. ಅವಳು ನನಗೆ ಈ ಹುಚ್ಚಿನ ಪುರಾಣ ಹೇಳಿದಳು. ಹೀಗೆ ಪಾತ್ರಗಳ ವೇಷ ಹಾಕುವುದಕ್ಕೆ ಕಾಸ್‌ಪ್ಲೇ ಎಂಬ ಮಾತು ಜಪಾನಿನಲ್ಲಿ ಹುಟ್ಟಿದ್ದು 1980ರ ದಶಕದಲ್ಲಾದರೂ, ಅದಕ್ಕೆ ಎಷ್ಟೋ ಮೊದಲು, 1939ರಲ್ಲಿ, ನ್ಯೂಯಾರ್ಕಿನ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬವರು ಭವಿಷ್ಯದ ಮನುಷ್ಯರಂತೆ ವೇಷ ಹಾಕಿಕೊಂಡು ಬಂದಿದ್ದರು. ಎರಡೂ ಉಡುಪುಗಳನ್ನು ಹೊಲಿದವಳು ಮರ್ಟಲ್. ಹೆಸರು ಹೆಚ್ಚು ಓಡಿದ್ದು ಅವನದು. "ಅವನೇನೂ ಕೇಳಿ ಪಡೆದದ್ದಲ್ಲ ಬಿಡಿ, ಸುಮ್ಮನಿದ್ದ, ಅಷ್ಟೇ" ಎಂದು ಆ ಹುಡುಗಿ ರೆಕ್ಕೆ ಮಡಿಸಿ ಮುಂದೆ ಹೋದಳು. ಅವನು ಸುಮ್ಮನಿದ್ದನೋ ಇಲ್ಲವೋ, ನನಗೇಕೋ ಅನ್ನ ಸೇರಲಿಲ್ಲ. ಕವಚ ಬಿಗಿಯಾಗಿದೆ ಎಂದುಕೊಂಡೆ.

ಮಧ್ಯಾಹ್ನ ವೇದಿಕೆ. ಒಬ್ಬೊಬ್ಬರೇ ಹತ್ತಿ, ಭಂಗಿ ಕೊಟ್ಟು ಇಳಿಯುವುದು. ಇಷ್ಟಕ್ಕೆ ನಾನು ತಯಾರಾಗಿದ್ದೆ, ಮನೆಯ ಕನ್ನಡಿಯ ಮುಂದೆ ಮೂರು ಭಂಗಿ ಅಭ್ಯಾಸ ಮಾಡಿದ್ದೆ. ನನ್ನ ಸರದಿಯಲ್ಲಿ ನಿರೂಪಕಿ ಮೈಕನ್ನು ಶಿರಸ್ತ್ರಾಣದ ಬಾಯಿಗೆ ಹಿಡಿದು, ಪಾತ್ರದ ಬಗ್ಗೆ ಎರಡು ಮಾತು ಹೇಳಿ ಎಂದಳು. ಇಂಗ್ಲಿಷಿನಲ್ಲಿ ಕೇಳಿದಳು, ಹಿಂದಿಯಲ್ಲಿ ಕೇಳಿದಳು. ಮುಂದಿನ ಸಾಲಿನಿಂದ ಯಾರೋ "ಕನ್ನಡದಲ್ಲಿಯೇ ಹೇಳಿ ಸಾರ್" ಎಂದು ಕೂಗಿದರು. ಅಲ್ಲಿಗೆ ಭಾಷೆಯ ನೆಪವೂ ಹೋಯಿತು. ಆ ಪಾತ್ರದ ಬಗ್ಗೆ ನಾನು ಅರ್ಧ ಗಂಟೆ ಮಾತಾಡಬಲ್ಲೆ. ರೈಲಿನಲ್ಲಿ ಸೊಸೆಯ ಕಿವಿ ತೂತು ಬೀಳುವಷ್ಟು ಮಾತಾಡಿದ್ದೆ. ಒಳಗೆ ಕಟ್ಟಿಕೊಂಡಿದ್ದ ಪುಟ್ಟ ಫ್ಯಾನು ಗುಂಯ್ ಎನ್ನುತ್ತಿತ್ತು. ಕಣ್ಣಿನ ಗಾಜಿಗೆ ಉಸಿರು ಕಟ್ಟಿ ಸಭೆ ಮಂಜಾಯಿತು. ಬಾಯಿ ತೆರೆದೆ. ನಾಲಗೆಗೆ ಸಫೇತದ, ಯಕ್ಷಗಾನದ ವೇಷಕ್ಕೆ ಹಚ್ಚುವ ಆ ಬಿಳಿ ಬಣ್ಣದ, ರುಚಿ ಬಂತು.

ಸಫೇತ! ಕವಚದೊಳಗೆ ಎಲ್ಲಿಯ ಸಫೇತ? ಮುಖಕ್ಕೆ ಒಂದು ತೊಟ್ಟು ಬಣ್ಣ ಹಚ್ಚಿರಲಿಲ್ಲ.

ನಾನು ಎದೆಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದೆ. ಒಂದು ಕ್ಷಣ ಮೌನ. ಆಮೇಲೆ ಪಾತ್ರ ಗೊತ್ತಿದ್ದ ಯಾರೋ, ಅವನು ಮಾತಾಡುವುದೇ ಇಲ್ಲ ಎಂದು ಅರಚಿದರು. ಸಭೆಗೆ ಸಭೆಯೇ ಚಪ್ಪಾಳೆ. ಪಾತ್ರದಲ್ಲಿ ಎಂಥ ತಲ್ಲೀನತೆ ಎಂದು ನಿರೂಪಕಿಯೂ ಹೊಗಳಿದಳು. ಬಹುಮಾನ ಬರಲಿಲ್ಲ. ಬಂದಿದ್ದರೆ ಈ ಪತ್ರ ಬೇರೆಯೇ ಆಗಿರುತ್ತಿತ್ತು.

ಹಿಂದಿರುಗುವ ರೈಲಿನಲ್ಲಿ ಸೊಸೆ ಮೇಲಿನ ಬರ್ತ್‌ನಿಂದ ತಲೆ ಇಳಿಬಿಟ್ಟು ಕೇಳಿದಳು: "ಮಾವ, ಆ ಅವಸರದ ಸುಧನ್ವ ಇದ್ದಿದ್ದರೆ ನಿಮ್ಮ ಬದಲು ಮಾತಾಡಿಬಿಡುತ್ತಿದ್ದರು ಅಲ್ಲವೇ?"

ಹೋಗುವಾಗ ಅವಳಿಗೆ ನಿನ್ನ ಕಥೆ ಹೇಳಿದ್ದೆ. ನಗಿಸಲಿಕ್ಕೆ. ಎಲ್ಲರಿಗೂ ಹೇಳುವ ಹಾಗೆಯೇ: 2007ರ ಶಾಲಾ ವಾರ್ಷಿಕೋತ್ಸವ, ಸುಧನ್ವ ಕಾಳಗ ಯಕ್ಷಗಾನ, ನಾನು ಅರ್ಜುನ, ನೀನು ಸುಧನ್ವ. ಅರ್ಜುನನ ಪದಕ್ಕೆ ಅವಸರ ಮಾಡಿ ಬಾಯಿ ಹಾಕಿ, "ನಾನು ಪಾಂಡವ ಮಧ್ಯಮ" ಎಂದುಬಿಟ್ಟ ಸುಧನ್ವ. ಮದುವೆಯ ಚಪ್ಪರಗಳಲ್ಲಿ ಹೇಳಿದ್ದೇನೆ. ಬಸ್ಸಿನಲ್ಲಿ ಹೇಳಿದ್ದೇನೆ. ನಿನ್ನ ಮದುವೆಯಲ್ಲಿ, ನಿನ್ನ ಮಾವನವರ ಎದುರಿಗೇ, ಚೆಂಡೆಯ ಪೆಟ್ಟನ್ನು ಬಾಯಿಯಲ್ಲಿ ನುಡಿಸಿ ಹೇಳಿದ್ದೇನೆ. ಈ ಹೆಸರು ನಿನಗೆ ಅಂಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗೋಂದು ನನ್ನದು.

ಅರ್ಜುನನ ಪದವನ್ನು ಹಾಡಿ ಮುಗಿಸಿ ಭಾಗವತರು ಜಾಗಟೆ ನಿಲ್ಲಿಸಿದಾಗ, ಅದರ ಅರ್ಥವನ್ನು ಮಾತಿನಲ್ಲಿ ಹೇಳಬೇಕಾದವನು ನಾನು. ನನಗೆ ಒಂದಕ್ಷರ ಬರಲಿಲ್ಲ. ಟ್ಯೂಬ್‌ಲೈಟಿನ ಸುತ್ತ ಹುಳಗಳು ಸುತ್ತುತ್ತಿದ್ದವು, ಅವನ್ನೇ ನೋಡುತ್ತಾ ನಿಂತಿದ್ದೆ. ಭಾಗವತರು ಕೊನೆಯ ಸಾಲನ್ನು ಇನ್ನೊಮ್ಮೆ ಎತ್ತಿಕೊಟ್ಟರು. ಆಗಲೂ ಇಲ್ಲ. ಆಗ ನೀನು ಒಂದು ಹೆಜ್ಜೆ ಮುಂದೆ ಬಂದು, "ಎಲೈ ಪಾರ್ಥ, ನೀನು ಏನು ಹೇಳಬೇಕೆಂದು ನಿಂತಿದ್ದೀಯೋ ನಾನು ಬಲ್ಲೆ" ಎಂದು ನನ್ನ ಅರ್ಥವನ್ನೂ ನೀನೇ ಹೇಳಲು ಹೊರಟೆ. ಹದಿನೈದು ವರ್ಷದ ಹುಡುಗನಿಗೆ ಹೊಳೆದ ಉಪಾಯ ಅದು. ನಾಲ್ಕು ವಾಕ್ಯ ಸರಿಯಾಗಿಯೇ ಹೋಯಿತು. ಐದನೆಯದರಲ್ಲಿ ನಾನು-ನೀನು ಅದಲುಬದಲಾಯಿತು. ಸಭೆ ನಕ್ಕಿತು.

ಚೌಕಿಯಲ್ಲಿ, ಬಣ್ಣ ಹಚ್ಚುವ ಕೋಣೆಯಲ್ಲಿ, ಕಲಿಸಿದವರು ಬೈದದ್ದು ನಿನ್ನನ್ನು. "ಪದ ಯಾರದ್ದೆಂದು ತಿಳಿಯದವನಿಗೆ ವೇಷ ಏಕೆ? ಏನು ಅವಸರ ನಿನಗೆ?" ನಾನು ಎದುರಿನ ಚಾಪೆಯಲ್ಲಿ ಕುಳಿತು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದೆ. ಅರದಾಳ, ಇಂಗಳೀಕ, ಕಾಡಿಗೆ ಎಲ್ಲ ಕಲಸಿ ಬಟ್ಟೆಗೆ ಬರುತ್ತಿತ್ತು. ನೀನು ಕನ್ನಡಿಯಲ್ಲಿ ಒಂದು ಸಲ ನನ್ನ ಕಡೆ ನೋಡಿದೆ. ನಾನು ಕಿವಿಯ ಹಿಂದಿನ ಬಣ್ಣ ಉಜ್ಜಿದೆ. ಬಹಳ ಹೊತ್ತು ಉಜ್ಜಿದೆ. ಅಲ್ಲಿ ಅಷ್ಟು ಬಣ್ಣ ಇರಲೇ ಇಲ್ಲ.

ಅದಾದ ಮೇಲೆ ನೀನು ಗೆಜ್ಜೆ ಕಟ್ಟಲಿಲ್ಲ. ಪ್ಲಸ್ ವನ್‌ಗೆ ಓದು ಹೆಚ್ಚು ಎಂದೆ. ನಿಜವೇ ಇರಬಹುದು. ನಾನು ಕೇಳಲಿಲ್ಲ. ಕಥೆ ಹೇಳುವಾಗಲೆಲ್ಲ ಮೊದಲು ನಗುತ್ತಿದ್ದವನು ನೀನೇ ಆದ್ದರಿಂದ ಕೇಳುವ ಅಗತ್ಯವೂ ಇಲ್ಲ ಎಂದುಕೊಂಡಿದ್ದೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಸೊಸೆಗೆ ಏನೂ ಉತ್ತರ ಕೊಡಲಿಲ್ಲ. ನಿದ್ದೆ ಬಂದವನ ಹಾಗೆ ನಟಿಸಿದೆ. ಅದು ನನಗೆ ಚೆನ್ನಾಗಿ ಬರುತ್ತದೆ.

ಇಷ್ಟನ್ನು ಬರೆಯಬೇಕೆಂದು ಕುಳಿತದ್ದಲ್ಲ ಮಾರಾಯ. ಕವಚದ ನಾಲ್ಕು ಚಿತ್ರ ಹಾಕಿ, ಮೆಟ್ರೊದ ಹಿರಿಯರ ಮಾತು ಹೇಳಿ, ಹತ್ತು ಹೊಗಳಿಕೆ ಸಂಪಾದಿಸಿ ಏಳೋಣ ಎಂದಿದ್ದೆ. ಈಗ ಹತ್ತನೆಯ ತರಗತಿಯವರೆಲ್ಲ ಫೋನ್ ಮಾಡುತ್ತಾರೆ. ಮಾಡಲಿ. ಯಾರೂ ನನ್ನನ್ನು ದೊಡ್ಡವನನ್ನಾಗಿ ಮಾಡಬೇಡಿ, ಹದಿನೆಂಟು ವರ್ಷ ಬಡ್ಡಿ ತಿಂದವನು ಅಸಲಿನ ವಿಷಯ ಎತ್ತಿದ್ದಾನೆ, ಅಷ್ಟೇ. ಸಹಕಾರಿ ಸಂಘದಲ್ಲಿ ಇದ್ದು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆಯುವುದಿಲ್ಲ.

ಇನ್ನು ವ್ಯವಹಾರ. ಬರುವಾಗ ಖರ್ಜೂರ ತರಬೇಡ, ಕಳೆದ ಸಲದ್ದೇ ಡಬ್ಬಿಯಲ್ಲಿ ಕಲ್ಲಾಗಿದೆ. ಒಂದು ಒಳ್ಳೆಯ ಹೀಟ್ ಗನ್ ತಾ. ನನ್ನದು ಬಿಸಿಗಿಂತ ಸದ್ದು ಹೆಚ್ಚು ಮಾಡುತ್ತದೆ. ಸೊಸೆ ಮುಂದಿನ ವರ್ಷಕ್ಕೆ ನಿನ್ನ ಅಳತೆ ಕೇಳಿದ್ದಾಳೆ. ಆ ಸ್ವೆಟರಿನ ಚಿತ್ರ ತೋರಿಸಿದೆ. ಹಂಡೆ ಸಾಲದು ಎಂದಳು.

ಅಮ್ಮ ಕರೆಯುತ್ತಿದ್ದಾರೆ. ಅಲಸಂಡೆ ಸಾಲಿಗೆ ಮತ್ತೆ ನವಿಲು ಬಂದಿದೆಯಂತೆ. ಶಿರಸ್ತ್ರಾಣವನ್ನು ಒಂದು ಕೋಲಿಗೆ ಸಿಕ್ಕಿಸಿ ಬೆರ್ಚಪ್ಪ ಮಾಡು, ಹೇಗೂ ಅದು ಮಾತಾಡುವ ವೇಷವಲ್ಲವಲ್ಲ ಎನ್ನುತ್ತಿದ್ದಾರೆ. ಹೋಗಿ ನೋಡುತ್ತೇನೆ.

ನಿನ್ನ,
ಕೊಡೆ ಕದ್ದವನು