ಫಾಂಟ್ ಜೊತೆ ಲೈಸೆನ್ಸನ್ನೂ ಬರೆದು ಕೊಡಿ

ಮಾನ್ಯ ಸಂಪಾದಕರೇ,

ಹೊಸ ಕನ್ನಡ ಫಾಂಟ್ ಬಿಡುಗಡೆ ಆಯ್ತು, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಬಹುದು ಅಂತ ಪೇಪರ್‌ನಲ್ಲಿ ಓದಿದಾಗ ನಿಜವಾಗ್ಲೂ ಖುಷಿ ಆಗುತ್ತೆ, ಆದ್ರೆ ಅದನ್ನ ಲಿನಕ್ಸ್ ಅನ್ನೋ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿಸೋಣ ಅಂತ ಕೂತ್ರೆ ಎಷ್ಟೋ ಸಲ ಜಿಪ್ ಫೈಲ್ ಒಳಗೆ ಟಿಟಿಎಫ್, ಅಂದ್ರೆ ಫಾಂಟ್ ಫೈಲ್, ಬಿಟ್ಟು ಬೇರೇನೂ ಇರಲ್ಲ. ಹಕ್ಕು ಯಾರದು, ಬೇರೆಯವ್ರು ಹಂಚಬಹುದಾ, ಒತ್ತಕ್ಷರ ಸರಿ ಕೂರದಿದ್ರೆ ತಿದ್ದಬಹುದಾ, ಒಂದು ಸಾಲೂ ಇಲ್ಲ. ಫಾಂಟ್ ಮಾಡಿದವರನ್ನ ಕೇಳಿದ್ರೆ "ಫ್ರೀ ಇದೆ ಸಾರ್, ಹಾಕ್ಕೊಳ್ಳಿ" ಅಂತಾರೆ. ಒಳ್ಳೆ ಮನಸ್ಸಿಂದಲೇ ಹೇಳೋದು, ಆದ್ರೆ ಅಷ್ಟು ಸಾಲಲ್ಲ.

ಡೌನ್‌ಲೋಡ್ ಮಾಡೋಕೆ ಬಿಟ್ಟ ಮಾತ್ರಕ್ಕೆ ಹಂಚೋಕೆ ಅನುಮತಿ ಸಿಕ್ಕಿದ ಹಾಗಲ್ಲ. ಲಿನಕ್ಸ್ ಹಂಚೋ ಡೆಬಿಯನ್‌ನಂಥವರು ಒಂದು ಫಾಂಟನ್ನ ತಮ್ಮ ಮುಖ್ಯ ವಿಭಾಗಕ್ಕೆ ಸೇರಿಸಬೇಕಾದ್ರೆ ಅದನ್ನ ಯಾರು ಬೇಕಾದ್ರೂ ಬಳಸೋಕೆ, ತಿದ್ದೋಕೆ, ಹಂಚೋಕೆ ಆಗ್ಬೇಕು, ಅದು ಬರಹದಲ್ಲೂ ಇರ್ಬೇಕು. "ವಾಣಿಜ್ಯ ಬಳಕೆಗೆ ಅಲ್ಲ" ಅಂತ ಒಂದು ಸಾಲು ಸೇರಿಸಿದ್ರೂ ಆಗಲ್ಲ, ಅಲ್ಲಿಗೆ ಮುಗೀತು.

ಇದಕ್ಕೆ ದಾರಿ ಆಗ್ಲೇ ಇದೆ. ಎಸ್‌ಐಎಲ್ ಅನ್ನೋ ಸಂಸ್ಥೆ ಫಾಂಟ್‌ಗಳಿಗೆ ಅಂತಲೇ ಮಾಡಿದ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಂತ, ಎಲ್ಲರೂ ಓಎಫ್‌ಎಲ್ ಅಂತಾರೆ, ಈಗಿನ 1.1 ಆವೃತ್ತಿ ಬಂದಿದ್ದು 2007ರಲ್ಲಿ. ಫಾಂಟ್ ಮಾಡಿದವರಿಗೆ ಇರೋ ಭಯ ಎರಡು, ನಮ್ಮ ಕೆಲಸನ ಯಾರೋ ಮಾರ್ಕೋತಾರೆ, ಇಲ್ಲಾ ಕೆಡಿಸಿ ನಮ್ಮ ಹೆಸರಲ್ಲೇ ಬಿಡ್ತಾರೆ ಅನ್ನೋದು. ಓಎಫ್‌ಎಲ್ ಪ್ರಕಾರ ಫಾಂಟನ್ನ ಒಂಟಿಯಾಗಿ ಮಾರೋ ಹಾಗಿಲ್ಲ, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು ಅಷ್ಟೇ, ಮತ್ತೆ ಮಾಡಿದವರು ಹೆಸರನ್ನ ಕಾಯ್ದಿರಿಸಿದ್ರೆ ತಿದ್ದಿದವರು ಬೇರೆ ಹೆಸರೇ ಇಡ್ಬೇಕು. ಆ ಫಾಂಟಲ್ಲಿ ಮದುವೆ ಕಾರ್ಡ್ ಮಾಡಿಸಿ, ಪುಸ್ತಕ ಅಚ್ಚು ಹಾಕಿಸಿ ಮಾರಿ, ಅದಕ್ಕೆ ಯಾವ ಅಡ್ಡಿನೂ ಇಲ್ಲ.

ಮುಕ್ತ ಸಾಫ್ಟ್‌ವೇರ್‌ಗೆ ಹಾಕೋ ಜಿಪಿಎಲ್ ಲೈಸೆನ್ಸನ್ನೇ ಹಾಕಿದ್ರೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಆಗುತ್ತೆ, ಆದ್ರೆ ಫಾಂಟನ್ನ ಪಿಡಿಎಫ್ ಒಳಗೆ ಸೇರಿಸಿದಾಗ ಆ ಪಿಡಿಎಫ್‌ಗೂ ಜಿಪಿಎಲ್ ಅಂಟ್ಕೊಳುತ್ತಾ ಅನ್ನೋ ಗೊಂದಲ ಬರುತ್ತೆ, ಅದಕ್ಕೇ ಪಿಡಿಎಫ್‌ಗೆ ಅದು ಅಂಟಲ್ಲ ಅಂತ ಹೇಳೋ ಫಾಂಟ್ ಎಕ್ಸೆಪ್ಷನ್ ಅನ್ನೋ ಒಂದು ಪ್ಯಾರಾನ ಜೊತೆಗೆ ಸೇರಿಸಲೇಬೇಕು. ನಮ್ಮಲ್ಲಿ ತುಂಬಾ ಜನ ಬಳಸೋ ಲೋಹಿತ್ ಫಾಂಟ್ ಮೊದಲು ಜಿಪಿಎಲ್‌ನಲ್ಲಿತ್ತು, 2011ರಲ್ಲಿ ಓಎಫ್‌ಎಲ್‌ಗೆ ಬಂತು. ಗೂಗಲ್‌ನ ನೋಟೋ ಫಾಂಟ್ ಕೂಡ 2015ರಲ್ಲಿ ಅಪಾಚೆ ಅನ್ನೋ ಬೇರೆ ಲೈಸೆನ್ಸ್ ಬಿಟ್ಟು ಇದಕ್ಕೇ ಬಂತು. ಅಂದ್ರೆ ಹಳೇ ಫಾಂಟ್‌ಗೂ ಲೈಸೆನ್ಸ್ ಬದಲಾಯಿಸಬಹುದು, ಹಕ್ಕಿರೋರು ಮನಸ್ಸು ಮಾಡ್ಬೇಕು ಅಷ್ಟೇ.

ಇನ್ನೊಂದು, ಲೈಸೆನ್ಸ್ ಪಠ್ಯದ ಫೈಲ್ ಇಟ್ರೆ ಮಾತ್ರ ಸಾಲದು, ಫಾಂಟ್ ಒಳಗೇ ಹೆಸರು, ಹಕ್ಕಿನ ವಿವರ ಇರೋ ನೇಮ್ ಟೇಬಲ್‌ನಲ್ಲೂ ಬರೀಬೇಕು, ಅದರ 0 ನಂಬರಿನ ಜಾಗದಲ್ಲಿ ಕಾಪಿರೈಟ್, 13ರಲ್ಲಿ ಲೈಸೆನ್ಸ್, 14ರಲ್ಲಿ ಅದರ ಕೊಂಡಿ. ಜಿಪ್ ಎಲ್ಲೋ ಕಳೆದು ಹೋದ್ರೂ ಫಾಂಟ್ ಜೊತೆಗೇ ಮಾಹಿತಿ ಉಳಿಯುತ್ತೆ. ಫಾಂಟನ್ನ ಬೇರೆ ಫೈಲ್ ಒಳಗೆ ಸೇರಿಸಬಹುದಾ ಅಂತ ಹೇಳೋ ಎಫ್‌ಎಸ್‌ಟೈಪ್ ಅನ್ನೋ ಸಂಖ್ಯೆ 0 ಇರ್ಬೇಕು, 2 (ಸೇರಿಸೋ ಹಾಗಿಲ್ಲ) ಅಂತ ಬಿಟ್ಟುಬಿಟ್ರೆ ಲೈಸೆನ್ಸ್ ಏನೇ ಹೇಳಿದ್ರೂ ಎಷ್ಟೋ ಸಾಫ್ಟ್‌ವೇರ್‌ಗಳು ಪಿಡಿಎಫ್‌ಗೆ ಸೇರಿಸೋದೇ ಇಲ್ಲ. ಆಮೇಲೆ ಇಂಗ್ಲಿಷ್ ಅಕ್ಷರಗಳು, ಇದನ್ನಂತೂ ದಯವಿಟ್ಟು ನೋಡಿ, ಯಾವುದೋ ಕಮರ್ಷಿಯಲ್ ಫಾಂಟಿಂದ ಎತ್ತಿ ಹಾಕಿದ್ರೆ ಕನ್ನಡ ಭಾಗ ನಿಮ್ಮದೇ ಆದ್ರೂ ಇಡೀ ಫಾಂಟ್ ಹಂಚೋ ಹಾಗಿಲ್ಲ.

ಸರ್ಕಾರದ ದುಡ್ಡಲ್ಲಿ ಮಾಡಿಸೋ ಫಾಂಟ್‌ಗಳ ಬಗ್ಗೆ ನನ್ನ ಆಗ್ರಹ ಇನ್ನೂ ಜೋರು. ಟೆಂಡರ್ ಕರೆಯೋವಾಗ್ಲೇ ಓಎಫ್‌ಎಲ್‌ನಲ್ಲಿ ಕೊಡ್ಬೇಕು, ಫಾಂಟ್ ತಿದ್ದೋಕೆ ಬೇಕಾದ ಸೋರ್ಸ್ ಫೈಲನ್ನೂ ಕೊಡ್ಬೇಕು ಅಂತ ಷರತ್ತು ಹಾಕ್ಲಿ, ಕೆಲಸ ಮುಗಿದು ಬಿಲ್ ಪಾಸಾದ ಮೇಲೆ ಯಾರ ಹತ್ರ ಹೋಗಿ ಕೇಳೋದು? ನಿಮ್ಮ ಪತ್ರಿಕೆಗೂ ಒಂದು ಮನವಿ, ಫಾಂಟ್ ಬಿಡುಗಡೆ ಸುದ್ದಿ ಹಾಕುವಾಗ ಲೈಸೆನ್ಸ್ ಯಾವುದು ಅಂತ ವರದಿಗಾರರು ಕೇಳಿ ಅದನ್ನೂ ಅಚ್ಚು ಮಾಡ್ಲಿ.

ಇಂತಿ,
ಒಬ್ಬ ಓದುಗ, ಮೈಸೂರು